ಗೇರುಸೊಪ್ಪೆಯ ಹಡಗು, ಎಣಿಸಿದ ಬೆಳ್ಳಿ

ಕಲ್ಯಾಣ ನಗರದಂಥ ಬಡಾವಣೆಗಳ ಯುವಕರು ಈಗ ರಜೆ ಸಿಕ್ಕರೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿಯುತ್ತಾರೆ. ಹವ್ಯಾಸಿಗಳು ಇಳಿಯುವ ಆಳ ಹೆಚ್ಚೆಂದರೆ 40 ಮೀಟರ್. ಅದೇ ಜಿಲ್ಲೆಯ, ಶರಾವತಿ ದಂಡೆಯ ಗೇರುಸೊಪ್ಪೆಯ ಹೆಸರು ಹೊತ್ತ ಹಡಗೊಂದು ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 4,700 ಮೀಟರ್ ಆಳದಲ್ಲಿ ಮಲಗಿದೆ. ಅಲ್ಲಿಗೆ ಇಳಿದದ್ದು ಯಂತ್ರಗಳು ಮಾತ್ರ.

ಗೇರುಸೊಪ್ಪೆ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿ ತನ್ನ ಹಡಗುಗಳಿಗೆ ಇಂಥ ಊರುಗಳ ಹೆಸರಿಡುತ್ತಿತ್ತು. 1940ರ ಡಿಸೆಂಬರ್‌ನಲ್ಲಿ ‘ಗೇರ್‌ಸೊಪ್ಪ’ ಬೆಳ್ಳಿ, ಚಹಾ, ಬೀಡುಕಬ್ಬಿಣ ತುಂಬಿಕೊಂಡು ಕಲ್ಕತ್ತೆಯಿಂದ ಇಂಗ್ಲೆಂಡಿಗೆ ಹೊರಟಿತು. ದಾರಿಯಲ್ಲಿ ಬಿರುಗಾಳಿ, ಕಲ್ಲಿದ್ದಲು ಮುಗಿಯುತ್ತ ಬಂತು. ಜೊತೆಯ ಹಡಗುಗಳನ್ನು ಬಿಟ್ಟು ಒಂಟಿಯಾಗಿ ಐರ್ಲೆಂಡಿನತ್ತ ತಿರುಗಿದ ಅದಕ್ಕೆ 1941ರ ಫೆಬ್ರವರಿ 16-17ರ ರಾತ್ರಿ ಜರ್ಮನಿಯ ಯು-101 ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಇದ್ದ 86 ಮಂದಿಯಲ್ಲಿ ಬದುಕುಳಿದವರು ಒಬ್ಬರೇ, ಎರಡನೇ ಅಧಿಕಾರಿ ರಿಚರ್ಡ್ ಏರ್ಸ್. 13 ದಿನ ತೆರೆದ ದೋಣಿಯಲ್ಲಿ ತೇಲಿ ಅವರು ಕಾರ್ನ್‌ವಾಲ್ ತೀರ ಸೇರಿದರು.

ಸತ್ತವರಲ್ಲಿ ಹೆಚ್ಚಿನವರು ಭಾರತದ ಖಲಾಸಿಗಳು. ಇಂಗ್ಲಿಷರು ಅವರನ್ನು ‘ಲಸ್ಕರ್’ ಎಂದರು. ಉರ್ದುವಿನಲ್ಲಿ ಲಷ್ಕರ್ ಎಂದರೆ ಸೈನ್ಯ. ಬೆಂಗಳೂರಿನ ದಂಡು, ಮೈಸೂರಿನ ಲಷ್ಕರ್ ಮೊಹಲ್ಲಾ, ಎರಡರ ಅರ್ಥವೂ ಅದೇ. ಆದರೆ ಹಡಗಿನಲ್ಲಿ ಆ ಪದ ಬಾಯ್ಲರಿಗೆ ಕಲ್ಲಿದ್ದಲು ತುಂಬುವ, ಬಿಳಿಯ ನಾವಿಕನಿಗಿಂತ ತೀರಾ ಕಡಿಮೆ ಸಂಬಳದ ಕೂಲಿಯವನಿಗೆ ಅಂಟಿಕೊಂಡಿತು. 1939ರಲ್ಲಿ ಯುದ್ಧ ಆರಂಭವಾದಾಗ ಇವರು ಸಂಬಳ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ನೂರಾರು ಮಂದಿ ಜೈಲು ಕಂಡರು.

2011ರಲ್ಲಿ ಅಮೆರಿಕದ ಒಡಿಸ್ಸಿ ಕಂಪೆನಿ ಹಡಗನ್ನು ಪತ್ತೆ ಮಾಡಿತು. 2012 ಮತ್ತು 2013ರಲ್ಲಿ 2,700ಕ್ಕೂ ಹೆಚ್ಚು ಬೆಳ್ಳಿಗಟ್ಟಿಗಳು, ಸುಮಾರು 110 ಟನ್, ಮೇಲೆ ಬಂದವು. ಒಪ್ಪಂದದಂತೆ ಶೇ. 80 ಪಾಲು ಕಂಪೆನಿಗೆ, ಉಳಿದದ್ದು ಬ್ರಿಟಿಷ್ ಸರಕಾರಕ್ಕೆ. 2014ರಲ್ಲಿ ಆ ಬೆಳ್ಳಿಯಿಂದ ಬ್ರಿಟನ್ನಿನ ರಾಜಮುದ್ರೆಯ ನಾಣ್ಯಗಳೂ ಬಂದವು. ಬೆಳಕು, ಗಾಳಿ ತಾಗದೆ ಉಳಿದ 700ಕ್ಕೂ ಹೆಚ್ಚು ಪತ್ರಗಳು ಸಿಕ್ಕಿ, ಅವುಗಳಲ್ಲಿ ಕೆಲವು ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು.

ಬೆಳ್ಳಿಯನ್ನು ಗಟ್ಟಿಗಟ್ಟಿಯಾಗಿ ಎಣಿಸಲಾಯಿತು. ಆ ಯುದ್ಧದಲ್ಲಿ ಮಡಿದ ಆರು ಸಾವಿರಕ್ಕೂ ಮಿಕ್ಕಿದ ಭಾರತೀಯ ನಾವಿಕರ ಹೆಸರುಗಳೂ ಎಣಿಕೆಯಲ್ಲಿವೆ, ಮುಂಬೈ ಮತ್ತು ಚಿತ್ತಗಾಂಗ್‌ನಲ್ಲಿ ಇಟ್ಟ ಪುಸ್ತಕಗಳಲ್ಲಿ. ಅವುಗಳ ಪುಟ ತಿರುವಲು ಆಳಕ್ಕೆ ಇಳಿಯಬೇಕಿಲ್ಲ, ಯಂತ್ರವೂ ಬೇಕಿಲ್ಲ. ನಾವು ಹೋಗಬೇಕು, ಅಷ್ಟೇ.