ನಕ್ಷತ್ರಗಳ ದೂರವನ್ನು ಅಳೆಯುವ ಪ್ಯಾರಲಾಕ್ಸ್ ವಿಧಾನ

ಚಾಚಿದ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದ, ಮತ್ತೊಮ್ಮೆ ಬಲಗಣ್ಣಿನಿಂದ ನೋಡಿದರೆ ಅದು ಎದುರಿನ ಗೋಡೆಯ ಮೇಲೆ ಸರಿದಂತೆ ತೋರುತ್ತದೆ. ಈ ತೋರಿಕೆಯ ಸ್ಥಾನಪಲ್ಲಟವೇ ಪ್ಯಾರಲಾಕ್ಸ್. ಆರು ತಿಂಗಳಿಗೊಮ್ಮೆ ಭೂಮಿಯು ತನ್ನ ಕಕ್ಷೆಯ ಎದುರು ಬದಿಯಲ್ಲಿ, ಸುಮಾರು 30 ಕೋಟಿ ಕಿಲೋಮೀಟರ್ ಆಚೆ ಇರುತ್ತದೆ. ಆದ್ದರಿಂದ ಸಮೀಪದ ನಕ್ಷತ್ರಗಳು ದೂರದವುಗಳ ಹಿನ್ನೆಲೆಯಲ್ಲಿ ಸರಿದಂತೆ ಕಾಣಬೇಕು.

16ನೇ ಶತಮಾನದಲ್ಲಿ ಟೈಕೊ ಬ್ರಾಹೆಗೆ ಇಂತಹ ಪಲ್ಲಟ ಗೋಚರಿಸಲಿಲ್ಲ. ಭೂಮಿ ಚಲಿಸುವುದಿಲ್ಲವೆಂಬ ಆತನ ವಾದಕ್ಕೆ ಇದೂ ಒಂದು ಆಧಾರವಾಯಿತು. ವಾಸ್ತವದಲ್ಲಿ ನಕ್ಷತ್ರಗಳ ದೂರ ಆತನ ಊಹೆಯನ್ನೂ ಮೀರಿತ್ತು. ಪಲ್ಲಟವು ಬರಿಗಣ್ಣಿಗೆ ನಿಲುಕದಷ್ಟು ಸೂಕ್ಷ್ಮವಾಗಿತ್ತು.

1838ರಲ್ಲಿ ಕೋನಿಗ್ಸ್‌ಬರ್ಗ್‌ನ ಖಗೋಳವಿಜ್ಞಾನಿ ಬೆಸೆಲ್, 61 ಸಿಗ್ನಿ ನಕ್ಷತ್ರದ ಪ್ಯಾರಲಾಕ್ಸ್ ಕೋನ ಸುಮಾರು 0.31 ವಿಕಲೆ ಎಂದು ಪ್ರಕಟಿಸಿದರು. ವಿಕಲೆಯೆಂದರೆ ಡಿಗ್ರಿಯ 3,600ನೇ ಒಂದು ಭಾಗ. ಆರು ತಿಂಗಳ ಒಟ್ಟು ಪಲ್ಲಟದ ಅರ್ಧವೇ ಈ ಕೋನ. 1ನ್ನು ಕೋನದ ವಿಕಲೆಗಳಿಂದ ಭಾಗಿಸಿದರೆ ದೂರವು ಪಾರ್ಸೆಕ್‌ಗಳಲ್ಲಿ ದೊರೆಯುತ್ತದೆ. 1 ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ. ಇಂದಿನ ನಿಖರ ಅಳತೆಯಾದ 0.286 ವಿಕಲೆಯ ಪ್ರಕಾರ ಆ ನಕ್ಷತ್ರ 11.4 ಜ್ಯೋತಿರ್ವರ್ಷ ದೂರದಲ್ಲಿದೆ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2013ರಲ್ಲಿ ಉಡಾಯಿಸಿದ ಗಯಾ ನೌಕೆಯು 2025ರಲ್ಲಿ ಕಾರ್ಯ ನಿಲ್ಲಿಸಿತು. ಅದು ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಇದೇ ವಿಧಾನದಿಂದ ಅಳೆದಿದೆ.