ಅರ್ಧ ಮೈಲಿಯ ಬಾಕಿ

ಮದರಾಸಿನಿಂದ ಕಲ್ಕತ್ತೆಯ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಶೋಲಾವರಂ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನಗಳಿಗೆಂದು ರನ್‌ವೇ ಮಾಡಿದ್ದರು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅದರ ಮೇಲೆಯೇ ದಶಕಗಳ ಕಾಲ ಕಾರು, ಬೈಕುಗಳ ರೇಸು ನಡೆಸಿದರು. 1990ರಲ್ಲಿ ಇರುಂಗಾಟ್ಟುಕೋಟೈನಲ್ಲಿ ಬೇರೆ ಟ್ರ್ಯಾಕ್ ಬಂದಮೇಲೆ ಶೋಲಾವರಂನ ಗದ್ದಲ ನಿಂತಿತು.

ವರ್ಗವಾಗಿ ಮದರಾಸಿಗೆ ಬಂದ ನನ್ನಂಥ ಬ್ಯಾಂಕಿನವನಿಗೆ ಈ ಹುಚ್ಚು ಹತ್ತಿಸಿದವನು ಪುದುಪೇಟೆಯಲ್ಲಿ ಲೇಥ್ ಇಟ್ಟುಕೊಂಡಿದ್ದ, ತುಮಕೂರು ಕಡೆಯ ಒಬ್ಬ ಗೆಳೆಯ. ಸಾಲದ ಕಾಗದಕ್ಕೆ ರುಜು ಹಾಕಲು ಬಂದವನು ನನ್ನ ಕನ್ನಡ ಕೇಳಿ ಅಲ್ಲೇ ಕೂತುಬಿಟ್ಟ. ಆಮೇಲೆ ರೇಸಿದ್ದಾಗಲೆಲ್ಲ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಆದರೆ ಅವನ ಮನಸ್ಸಿದ್ದದ್ದು ಸುತ್ತು ಹಾಕುವ ರೇಸಿನಲ್ಲಲ್ಲ, ನೇರ ಓಟದಲ್ಲಿ. "ಪಕ್ಕದವನ್ನ ಹಿಂದೆ ಹಾಕೋದು ಏನು ಮಹಾ ಸಾರ್? ಗಡಿಯಾರಾನ ಹಿಂದೆ ಹಾಕ್ಬೇಕು" ಅನ್ನೋನು.

ಅವನ ಪಾಲಿನ ದೇವರು ಬರ್ಟ್ ಮನ್ರೋ. 1899ರಲ್ಲಿ ಹುಟ್ಟಿದ ಈತ ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್ ಊರಿನವನು. 1920ರಲ್ಲಿ ಕೊಂಡ 'ಇಂಡಿಯನ್ ಸ್ಕೌಟ್' ಬೈಕನ್ನು ದಶಕಗಳ ಕಾಲ ಬಿಡಲಿಲ್ಲ. ಹೆಸರು ಇಂಡಿಯನ್ ಆದರೂ ಅದು ಅಮೆರಿಕದಲ್ಲಿ ತಯಾರಾದ ಬೈಕು. ಹೊಸದಿದ್ದಾಗ ಅದರ ವೇಗ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್. 600 ಸಿ.ಸಿ.ಯ ಎಂಜಿನನ್ನು ಮನ್ರೋ ವರ್ಷಗಟ್ಟಲೆ ತಿದ್ದಿ ಸುಮಾರು 950ಕ್ಕೆ ಏರಿಸಿದ. ಪಿಸ್ಟನ್ನುಗಳನ್ನು ಶೆಡ್ಡಿನಲ್ಲಿ ತಾನೇ ಎರಕ ಹೊಯ್ಯುತ್ತಿದ್ದ. ಒಡೆದುಹೋದ ಭಾಗಗಳನ್ನು ಎಸೆಯದೆ ಒಂದು ಶೆಲ್ಫಿನಲ್ಲಿ ಜೋಡಿಸಿ, ವೇಗದ ದೇವರಿಗೆ ಕಾಣಿಕೆ ಎಂದು ಬರೆದಿಟ್ಟಿದ್ದ. ಪುದುಪೇಟೆಯ ಶೆಡ್ಡಿನಲ್ಲೂ ಅಂಥದೊಂದು ಹಲಗೆ ಇತ್ತು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ, ಹೂವು.

ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ 1967ರಲ್ಲಿ, 68ರ ವಯಸ್ಸಿನಲ್ಲಿ, 47 ವರ್ಷದ ಆ ಬೈಕಿನ ಮೇಲೆ ಮನ್ರೋ ದಾಖಲೆ ಮಾಡಿದ. 1000 ಸಿ.ಸಿ. ಒಳಗಿನ ವಿಭಾಗ, ವೇಗ ಗಂಟೆಗೆ 183.586 ಮೈಲಿ. 1978ರಲ್ಲಿ ಆತ ತೀರಿಕೊಂಡ. 2005ರಲ್ಲಿ ಆಂಥನಿ ಹಾಪ್ಕಿನ್ಸ್ ನಟಿಸಿದ 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಸಿನಿಮಾ ಬಂತು. ಅದರ ಸಿ.ಡಿ. ಹಾಕಿಕೊಂಡು ನನ್ನ ಗೆಳೆಯ ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ. ಶೆಡ್ಡಿನ ಗೋಡೆಯ ಮೇಲೆ 183.586 ಅಂತ ಬಣ್ಣದಲ್ಲಿ ಬರೆಸಿದ್ದ. ಬಂದವರು ಅದನ್ನು ಯಾವುದೋ ಫೋನ್ ನಂಬರು ಅಂದುಕೊಳ್ಳುತ್ತಿದ್ದರು. 2009ರಲ್ಲಿ ಅವನು ಹೋದ.

ಇನ್ನು ಲೆಕ್ಕದ ವಿಷಯ. ಗಾಳಿ ಬೆನ್ನಿಗಿದ್ದರೆ ವೇಗ ಹೆಚ್ಚುತ್ತದೆ, ಎದುರಿಗಿದ್ದರೆ ತಗ್ಗುತ್ತದೆ. ಆದ್ದರಿಂದ ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ಓಡಿಸಿ, ಎರಡರ ಸರಾಸರಿಯನ್ನೇ ದಾಖಲೆಯೆಂದು ಬರೆಯುತ್ತಾರೆ. ಮನ್ರೋನ ಎರಡು ಓಟಗಳು 184.710 ಮತ್ತು 183.463. ಕೂಡಿಸಿ ಎರಡರಿಂದ ಭಾಗಿಸಿದರೆ 184.087 ಬರಬೇಕು. ಪುಸ್ತಕದಲ್ಲಿ ಬಿದ್ದದ್ದು 183.586. ವ್ಯತ್ಯಾಸ ಗಂಟೆಗೆ ಅರ್ಧ ಮೈಲಿ. ಬರೆದವರೇ ತಪ್ಪು ಬರೆದದ್ದು, 47 ವರ್ಷ ಹಾಗೇ ಉಳಿಯಿತು. ಕೊನೆಗೆ ಮನ್ರೋನ ಮಗ ಜಾನ್ ಗಮನಿಸಿ ಪತ್ರ ಬರೆದರು. 2014ರಲ್ಲಿ ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ ದಾಖಲೆಯನ್ನು ತಿದ್ದಿತು. ಆಗ ಮನ್ರೋ ತೀರಿಕೊಂಡು 36 ವರ್ಷ.

ಸತ್ತವನಿಗೆ ಅರ್ಧ ಮೈಲಿ ಕೊಟ್ಟರೆಷ್ಟು ಬಿಟ್ಟರೆಷ್ಟು ಅನ್ನಬಹುದು. ನಮ್ಮ ಬ್ಯಾಂಕಿನಲ್ಲಿ ಹತ್ತು ಪೈಸೆ ಕೂಡಿಬರದಿದ್ದರೂ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದೆವು. ಖಾತೆದಾರ ಇಲ್ಲವಾದ ಮಾತ್ರಕ್ಕೆ ಅವನ ಬಾಕಿ ಸೊನ್ನೆಯಾಗುವುದಿಲ್ಲ. ನೆನಪು ಅಂದರೂ ಅಷ್ಟೇ. ಹೊಗಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಅವನಿಗೆ ಸಲ್ಲಬೇಕಾದದ್ದನ್ನು ಸರಿಯಾಗಿ ಎಣಿಸಿ ಕೊಡುವವನು ಮನೆಯವನೋ ಗೆಳೆಯನೋ ಆಗಿರಬೇಕು.

ಈ ಸುದ್ದಿ ಓದಿದಾಗ ಹೇಳಬೇಕಾದವನೇ ಇರಲಿಲ್ಲ. ಪುದುಪೇಟೆಗೆ ಹೋಗಿ ಈಗ ಲೇಥ್ ನಡೆಸುವ ಅವನ ಮಗನಿಗೆ ಚೀಟಿಯಲ್ಲಿ ಲೆಕ್ಕ ಮಾಡಿ ತೋರಿಸಿದೆ. ಹುಡುಗ ಮಾತಾಡಲಿಲ್ಲ. ಬಣ್ಣದ ಡಬ್ಬಿ ತಂದು, ಅಪ್ಪನ ಅಂಕಿಯನ್ನು ಅಳಿಸದೆ, ಅದರ ಕೆಳಗೆ 184.087 ಎಂದು ಬರೆದ.