ಹೆಬ್ಬೆರಳಿನ ಬೆಲೆ

ನಮ್ಮ ದೊಡ್ಡಪ್ಪನ ಎಡಗೈಗೆ ನಾಲ್ಕೇ ಬೆರಳು. ಊರ ಪಕ್ಕದ ಕಲ್ಲು ಕ್ವಾರಿಯಲ್ಲಿ ಜಲ್ಲಿ ಒಡೆಯುವ ಮಿಷಿನ್ನಿನ ಬೆಲ್ಟು ಅವನ ಹೆಬ್ಬೆರಳನ್ನು ತಿಂದುಹಾಕಿತ್ತು. ಇದು ೧೯೮೦ರ ದಶಕದ ಮಾತು. ನಾನಿನ್ನೂ ಸ್ಕೂಲಿಗೆ ಹೋಗ್ತಿದ್ದೆ. ಕೈಗೆ ಬಟ್ಟೆ ಸುತ್ತಿಕೊಂಡು ಜಗಲಿ ಮೇಲೆ ಕೂತಿದ್ದವನ ಹತ್ತಿರ ಮೇಸ್ತ್ರಿ ಬಂದ. ಐನೂರು ರೂಪಾಯಿ, ಒಂದು ಬರೆದ ಕಾಗದ, ಒಂದು ಮಸಿ ಡಬ್ಬಿ ತಂದಿದ್ದ. ಗಂಡಸರು ಎಡಗೈ ಹೆಬ್ಬೆಟ್ಟು ಒತ್ತೋದು ರೂಢಿ. ಎಡಗೈ ಹೆಬ್ಬೆಟ್ಟೇ ಇರಲಿಲ್ಲವಲ್ಲ! ಮೇಸ್ತ್ರಿ ಒಂದು ಗಳಿಗೆ ಯೋಚನೆ ಮಾಡಿ, “ಬಲಗೈದೇ ಕೊಡೋ, ಆಯ್ತದೆ” ಅಂದ. ದೊಡ್ಡಪ್ಪ ಕೊಟ್ಟ. ಆ ಕಾಗದದಲ್ಲಿ ಏನು ಬರೆದಿತ್ತು ಅಂತ ನಮ್ಮ ಮನೇಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಓದಬಲ್ಲವನು ನಾನೊಬ್ಬ ಅಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಏಕಲವ್ಯನ ಹೆಬ್ಬೆರಳಿನ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ, ಹಾಡಿದ್ದೇವೆ. ದ್ರೋಣ ಗುರುದಕ್ಷಿಣೆ ಅಂತ ಒಂದು ಹೆಸರಿಟ್ಟಾದರೂ ಕೇಳಿ ತಗೊಂಡ. ಇಲ್ಲಿ ನಾನು ಹೇಳಹೊರಟಿರುವುದು ಪುರಾಣದ ಹೆಬ್ಬೆರಳಿನ ಮಾತಲ್ಲ. ಸರ್ಕಾರದ ಕಾಯ್ದೆ ಪುಸ್ತಕದಲ್ಲಿ ಬೆಲೆ ಬರೆದಿಟ್ಟ ಹೆಬ್ಬೆರಳಿನ ಮಾತು. ಆ ಬೆಲೆಯನ್ನು ಯಾರು ಕಟ್ಟಿದರು? ಯಾವಾಗ ಕಟ್ಟಿದರು? ಯಾರ ಬೆರಳು ಆ ಪಟ್ಟಿಯ ಹೊರಗೇ ಉಳಿಯಿತು? ನಮ್ಮ ಕೇರಿಯ ಮಕ್ಕಳು ಓದಬೇಕಾದ ಚರಿತ್ರೆ ಇದು.

೧

ಕಥೆ ಶುರುವಾಗೋದು ಇಂಗ್ಲೆಂಡಿನಲ್ಲಿ. ಯಾಕೆಂದರೆ ನಮ್ಮ ಕಾರ್ಮಿಕ ಕಾಯ್ದೆಗಳು ಅಲ್ಲಿಂದಲೇ ಹಡಗು ಹತ್ತಿ ಬಂದವು. ೧೮೩೭ರಲ್ಲಿ ಅಲ್ಲಿನ ಒಬ್ಬ ಕಟುಕನ ಅಂಗಡಿಯ ಆಳು, ಮಿತಿಮೀರಿ ಹೇರಿದ್ದ ಗಾಡಿ ಮುರಿದುಬಿದ್ದು ತೊಡೆ ಮುರಿದುಕೊಂಡ. ಯಜಮಾನನ ಮೇಲೆ ದಾವಾ ಹಾಕಿದ. ನ್ಯಾಯಾಲಯ ಕೊನೆಗೆ ಯಜಮಾನನ ಪರವಾಗಿ ನಿಂತಿತು. ಈ ತೀರ್ಪಿನ ಬೆನ್ನಿಗೆ ಮಾಲೀಕರಿಗೆ ಮೂರು ಗುರಾಣಿ ಸಿಕ್ಕವು. ಜೊತೆಗಾರ ಕೆಲಸಗಾರನ ತಪ್ಪಿನಿಂದ ಪೆಟ್ಟಾದರೆ ಮಾಲೀಕ ಹೊಣೆಯಲ್ಲ. ಪೆಟ್ಟು ತಿಂದವನದೂ ಒಂದಿಷ್ಟು ಅಜಾಗರೂಕತೆ ಇದ್ದರೆ ಮಾಲೀಕ ಹೊಣೆಯಲ್ಲ. ಅಪಾಯ ಗೊತ್ತಿದ್ದೂ ಕೆಲಸಕ್ಕೆ ಬಂದಿದ್ದರೆ ಆಗಲೂ ಮಾಲೀಕ ಹೊಣೆಯಲ್ಲ. ಅಂದರೆ ಕೂಲಿ ಒಪ್ಪಿಕೊಂಡವನು ಸಾವನ್ನೂ ಒಪ್ಪಿಕೊಂಡ ಹಾಗೆ! ಹಸಿದವನು ಯಾವ ಅಪಾಯವನ್ನು ತಾನೆ ಬೇಡ ಅಂದಾನು?

ಈ ಗುರಾಣಿಗಳನ್ನು ಮುರಿದದ್ದು ನ್ಯಾಯಾಧೀಶರ ಕರುಣೆಯಲ್ಲ, ಕಾರ್ಮಿಕರ ಸಂಘಟನೆ. ಜರ್ಮನಿಯಲ್ಲಿ ಸಮಾಜವಾದಿಗಳ ಬಲ ಹೆಚ್ಚುತ್ತಿದ್ದುದನ್ನು ಕಂಡ ಬಿಸ್ಮಾರ್ಕ್ ೧೮೮೪ರಲ್ಲಿ ಅಪಘಾತ ವಿಮೆಯ ಕಾಯ್ದೆ ತಂದ. ಇಂಗ್ಲೆಂಡ್ ೧೮೯೭ರಲ್ಲಿ ಕಾರ್ಮಿಕ ಪರಿಹಾರ ಕಾಯ್ದೆ ಮಾಡಿತು. ಇದರಲ್ಲೊಂದು ವ್ಯಾಪಾರವಿದೆ, ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಇನ್ನು ಮುಂದೆ ಮಾಲೀಕನ ತಪ್ಪನ್ನು ಕೂಲಿಯವನು ಸಾಬೀತು ಮಾಡಬೇಕಾಗಿಲ್ಲ. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತು ಅಂತ ತೋರಿಸಿದರೆ ಸಾಕು. ಅದಕ್ಕೆ ಬದಲಾಗಿ ಪರಿಹಾರಕ್ಕೊಂದು ಮಿತಿ ಬಂತು. ಆದ ನಷ್ಟವನ್ನೆಲ್ಲ ಕೇಳುವ ಹಾಗಿಲ್ಲ. ಪಟ್ಟಿಯಲ್ಲಿ ಇರುವಷ್ಟು ಮಾತ್ರ. ಸಿಗುವುದು ಖಾತ್ರಿ, ಆದರೆ ಸಿಗುವುದು ಕಡಿಮೆ.

೨

ಇಂಡಿಯಾದಲ್ಲಿ ೧೮೫೫ರಿಂದ ಒಂದು ಮಾರಕ ಅಪಘಾತ ಕಾಯ್ದೆ ಇತ್ತು. ಸತ್ತವನ ಹೆಂಡತಿ ಮಕ್ಕಳು ಸಿವಿಲ್ ಕೋರ್ಟಿಗೆ ಹೋಗಿ, ಮಾಲೀಕನ ತಪ್ಪು ತೋರಿಸಿ ದುಡ್ಡು ಕೇಳಬಹುದಿತ್ತು. ಗಣಿಯಲ್ಲಿ ಸತ್ತ ಕೂಲಿಯವನ ಹೆಂಡತಿ ವಕೀಲರನ್ನಿಟ್ಟು ಬಿಳೀ ಕಂಪನಿ ಮೇಲೆ ದಾವಾ ಹೂಡೋದು! ಕಾಗದದ ಮೇಲಿನ ಹಕ್ಕು ಕಾಗದದ ಮೇಲೇ ಇತ್ತು.

ಮೊದಲ ಮಹಾಯುದ್ಧ ಮುಗಿದಾಗ ಬೆಲೆಗಳು ಏರಿದವು, ಮುಷ್ಕರಗಳು ಎದ್ದವು. ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ೧೯೨೦ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಬಂತು. ೧೯೨೩ರಲ್ಲಿ ಕಾರ್ಮಿಕ ಪರಿಹಾರ ಕಾಯ್ದೆ ಪಾಸಾಗಿ, ೧೯೨೪ರ ಜುಲೈ ಒಂದರಿಂದ ಜಾರಿಗೆ ಬಂತು.

ಆ ಕಾಯ್ದೆಯ ಕೊನೆಗೆ ಅನುಸೂಚಿ ಅಂತ ಒಂದು ಪಟ್ಟಿ ಇದೆ. ಸಂತೆಯಲ್ಲಿ ಕುರಿ ಮಾಂಸದ ತುಂಡುಗಳಿಗೆ ಬೆಲೆ ಹೇಳುವ ಹಾಗೆ ಮನುಷ್ಯನ ಅಂಗಾಂಗಗಳಿಗೆ ಅದರಲ್ಲಿ ಬೆಲೆ ಕಟ್ಟಿದ್ದಾರೆ. ೧೯೨೩ರ ಪಟ್ಟಿಯಂತೆ ಬಲಗೈ ಮೊಣಕೈಯಿಂದ ಮೇಲಕ್ಕೆ ಹೋದರೆ ಸಂಪಾದನೆಯ ಶಕ್ತಿ ನೂರಕ್ಕೆ ೭೦ ಹೋಯಿತು ಅಂತ ಲೆಕ್ಕ. ಎಡಗೈಗೆ ೬೦. ಒಂದು ಕಣ್ಣಿಗೆ ೩೦. ಹೆಬ್ಬೆರಳಿಗೆ ೨೫. ತೋರುಬೆರಳಿಗೆ ೧೦. ಮಿಕ್ಕ ಬೆರಳು ಒಂದೊಂದಕ್ಕೆ ೫.

ಇದನ್ನು ದುಡ್ಡಿಗೆ ತಿರುಗಿಸಿ ನೋಡೋಣ. ಪೂರ್ತಿ ಶಾಶ್ವತವಾಗಿ ಕೈಲಾಗದವನಾದರೆ ೪೨ ತಿಂಗಳ ಸಂಬಳ, ಆದರೆ ೩,೫೦೦ ರೂಪಾಯಿ ಮೀರಬಾರದು. ಸತ್ತರೆ ೩೦ ತಿಂಗಳ ಸಂಬಳ, ೨,೫೦೦ ಮೀರಬಾರದು. ತಿಂಗಳಿಗೆ ೨೦ ರೂಪಾಯಿ ದುಡಿಯುವವನ ಹೆಬ್ಬೆರಳು ಹೋದರೆ, ೪೨ ತಿಂಗಳ ೮೪೦ ರೂಪಾಯಿಯಲ್ಲಿ ಕಾಲು ಭಾಗ: ೨೧೦ ರೂಪಾಯಿ. ಅವನು ಸತ್ತೇಹೋದರೆ ೬೦೦. ಬದುಕಿದ ಕುಂಟನಿಗಿಂತ ಸತ್ತವನು ಅಗ್ಗ, ಯಾಕೆಂದರೆ ಸತ್ತವನಿಗೆ ಊಟ ಬೇಕಾಗಿಲ್ಲ! ಕೆಲಸದಲ್ಲಿ ಸತ್ತವನು ಇನ್ನೂ ಹುಡುಗನಾಗಿದ್ದರೆ ತಂದೆ ತಾಯಿಗೆ ೨೦೦ ರೂಪಾಯಿ, ಅಷ್ಟೆ. ತಾತ್ಕಾಲಿಕವಾಗಿ ಮಲಗಿದವನಿಗೆ ಅರ್ಧ ಸಂಬಳ, ಅದೂ ಮೊದಲ ಹತ್ತು ದಿನ ಬಿಟ್ಟು. ಆ ಹತ್ತು ದಿನ ಮನೆಯ ಒಲೆ ಹೇಗೆ ಉರಿಯಬೇಕು ಅನ್ನೋದು ಕಾಯ್ದೆಯ ಚಿಂತೆಯಲ್ಲ. ಹತ್ತು ಆಮೇಲೆ ಏಳಾಯಿತು, ಮೂರಾಯಿತು.

ಇಷ್ಟಾದರೂ ಈ ಕಾಯ್ದೆಯನ್ನು ನಾವು ಸುಮ್ಮನೆ ಬೈದು ಬಿಸಾಡುವ ಹಾಗಿಲ್ಲ. ಇದರಲ್ಲಿ ನಮಗೆ ಕತ್ತಿಯಂಥ ಕಲಮುಗಳೂ ಇವೆ. ಕಂಟ್ರಾಕ್ಟರನ ಕೈಕೆಳಗೆ ಕೆಲಸ ಮಾಡುವವನು ಮೇಲಿನ ಮಾಲೀಕನನ್ನೇ ಪರಿಹಾರ ಕೇಳಬಹುದು. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಅಂತ ಕೂಲಿಯವನಿಂದ ಬರೆಸಿಕೊಂಡ ಕರಾರಿಗೆ ಬೆಲೆಯೇ ಇಲ್ಲ. ಸತ್ತವನ ಮನೆಗೆ ಹೋಗಿ ಮಾಲೀಕ ಗುಟ್ಟಾಗಿ ದುಡ್ಡು ಕೊಟ್ಟು ಮುಗಿಸುವ ಹಾಗಿಲ್ಲ. ಪರಿಹಾರವನ್ನು ಕಮಿಷನರ್ ಹತ್ತಿರ ಠೇವಣಿ ಇಡಬೇಕು. ದೊಡ್ಡಪ್ಪನ ಬಲಗೈ ಹೆಬ್ಬೆಟ್ಟು ಬಿದ್ದ ಆ ಕಾಗದ, ಹಕ್ಕು ಬಿಟ್ಟುಕೊಟ್ಟ ಕಾಗದವಾಗಿದ್ದರೆ, ಅದು ಬರೆದ ದಿನವೇ ರದ್ದಿಯಾಗಿತ್ತು. ಮೇಸ್ತ್ರಿಗೆ ಇದು ಗೊತ್ತಿತ್ತೋ ಏನೋ, ನಮಗಂತೂ ಗೊತ್ತಿರಲಿಲ್ಲ.

೩

ಈಗ ನಮ್ಮ ನೆಲಕ್ಕೆ ಬರೋಣ. ಕೋಲಾರದ ಚಿನ್ನದ ಗಣಿ.

ಜಾನ್ ಟೇಲರ್ ಕಂಪನಿ ೧೮೮೦ರಲ್ಲಿ ಅಲ್ಲಿಗೆ ಕಾಲಿಟ್ಟಿತು. ನೆಲದೊಳಕ್ಕೆ ಇಳಿದವರು ಯಾರು? ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಹೊಲೆಗೇರಿಗಳಿಂದ ಬಂದ ಜನ, ಹೆಚ್ಚಿನವರು ಆದಿದ್ರಾವಿಡರು. ಊರಿನ ಬಾವಿಯ ನೀರು ಮುಟ್ಟಬಾರದವರು ಭೂಮಿಯ ಹೊಟ್ಟೆಯೊಳಗಿನ ಚಿನ್ನ ಮುಟ್ಟಬಹುದಿತ್ತು! ಮುಟ್ಟಿ ಮೇಲೆ ಬಂದ ಮೇಲೆ ಮೈ ತಪಾಸಣೆ ಮಾಡಿಸಿಕೊಳ್ಳಬೇಕಿತ್ತು. ೧೯೦೨ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಅದನ್ನು ನಮ್ಮ ಪಠ್ಯಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. ಬೆಳಕು ಬಂದ ಸುರಂಗದಲ್ಲಿ ಬಂಡೆ ಸಿಡಿದು ಸತ್ತವರ ಮಾತು ಪಠ್ಯಪುಸ್ತಕದಲ್ಲಿಲ್ಲ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚಿ ಬಂಡೆ ತಾನಾಗಿ ಸಿಡಿಯುತ್ತದೆ.

ಕೋಲಾರ ಮೈಸೂರು ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಇಂಡಿಯಾದ ೧೯೨೩ರ ಕಾಯ್ದೆ ಸಂಸ್ಥಾನಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಕಂಪನಿ ಲಂಡನ್ನಿನದು, ಷೇರುದಾರರು ಲಂಡನ್ನಿನವರು; ಕಾಯ್ದೆ ಮಾತ್ರ ಗಡಿಯಲ್ಲೇ ನಿಂತಿತು. ಲಾಭಕ್ಕಿಲ್ಲದ ಗಡಿ ಪರಿಹಾರಕ್ಕೆ ಇತ್ತು.

೧೯೩೦ರಲ್ಲಿ ಅದೇ ಗಣಿಯಲ್ಲಿ ದೊಡ್ಡ ಮುಷ್ಕರ ಆಯಿತು. ಕಾರಣ ಏನು ಗೊತ್ತೇನು? ಹೆಬ್ಬೆಟ್ಟು! ಕೆಲಸಗಾರರೆಲ್ಲ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂತ ಕಂಪನಿಗಳು ಹೊರಟವು. ಜನ ಒಪ್ಪಲಿಲ್ಲ. ಸಾವಿರಾರು ಜನ ಗಣಿಗಿಳಿಯದೆ ಮೇಲೇ ನಿಂತರು. ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಪೊಲೀಸರು ಕಳ್ಳರಿಗೆ ಮಾಡುವ ಕೆಲಸ. ಬೇಡದವನನ್ನು ಗುರುತು ಹಿಡಿದು ಇನ್ನೊಂದು ಗಣಿಯಲ್ಲೂ ಕೆಲಸ ಸಿಗದ ಹಾಗೆ ಮಾಡುವುದಕ್ಕೂ ಅದು ಸಲೀಸು. ಇಲ್ಲೊಂದು ವಿಷಾದ ಇದೆ. ಹೆಸರು ದಾಖಲಾದರೆ ಮಾಲೀಕನ ಹಿಡಿತಕ್ಕೆ ಸಿಕ್ಕಿಕೊಳ್ಳಬೇಕು. ದಾಖಲಾಗದಿದ್ದರೆ ಪೆಟ್ಟಾದ ದಿನ ‘ಇವನು ನಮ್ಮ ಆಳೇ ಅಲ್ಲ’ ಅನ್ನಿಸಿಕೊಳ್ಳಬೇಕು. ನಮ್ಮ ಜನರ ಚರಿತ್ರೆ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ರಿಜಿಸ್ಟರು ಯಾರ ಕೈಯಲ್ಲಿದೆ ಅನ್ನೋದೇ ಪ್ರಶ್ನೆ.

ಬಂಡೆ ಬಿದ್ದು ಸತ್ತರೆ ಹೆಣವಾದರೂ ಸಾಕ್ಷಿ ಹೇಳುತ್ತದೆ. ಧೂಳಿಗೆ ಸಾಕ್ಷಿ ಯಾರು? ಕಲ್ಲಿನ ಸಣ್ಣ ಧೂಳು ಉಸಿರಿನ ಜೊತೆ ಇಳಿದು ಶ್ವಾಸಕೋಶವನ್ನೇ ಕಲ್ಲು ಮಾಡುವ ರೋಗ ಸಿಲಿಕೋಸಿಸ್. ಇಂಡಿಯಾದಲ್ಲಿ ಅದನ್ನು ವೈದ್ಯರು ಮೊದಲು ವರದಿ ಮಾಡಿದ್ದು ೧೯೩೪ರಲ್ಲಿ, ಕೋಲಾರದ ಗಣಿಯಿಂದಲೇ. ಅಷ್ಟು ಹೊತ್ತಿಗೆ ಕಂಪನಿ ಬಂದು ಐವತ್ತು ವರ್ಷ ದಾಟಿತ್ತು. ೧೯೪೦ರಿಂದ ೪೬ರವರೆಗೆ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಆ ರೋಗ ಇತ್ತು. ಇದು ಬೆಲ್ಟು ಬೆರಳು ತಿಂದ ಹಾಗಲ್ಲ. ಗಣಿ ಬಿಟ್ಟು ಊರಿಗೆ ಹೋದ ಮೇಲೂ ಕೆಮ್ಮು ಹೆಚ್ಚುತ್ತದೆ. ಹಳ್ಳಿಯಲ್ಲಿ ಅದನ್ನು ಟಿಬಿ ಅಂತಾರೆ, ಹಣೆಬರಹ ಅಂತಾರೆ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಆ ಸಾವು ಇಲ್ಲ. ಗಣಿ ೧೯೫೬ರಲ್ಲಿ ಸರ್ಕಾರದ್ದಾಯಿತು, ೨೦೦೧ರಲ್ಲಿ ಮುಚ್ಚಿತು. ಸೈನೈಡ್ ಮಣ್ಣಿನ ಗುಡ್ಡಗಳು ಉಳಿದವು.

೪

ಗಣಿ, ಕಾರ್ಖಾನೆ, ರೈಲಿನವರಿಗೆ ಪಟ್ಟಿಯಲ್ಲಿ ಜಾಗವಾದರೂ ಇತ್ತು. ೧೯೨೩ರ ಪಟ್ಟಿಯಲ್ಲಿ ಹೊಲಗದ್ದೆಯ ಕೂಲಿ ಇರಲಿಲ್ಲ. ಗೌಡನ ಎತ್ತು ತಿವಿದು ಜೀತದಾಳಿನ ಕರುಳು ಹೊರಗೆ ಬಂದರೆ ಅದು ಕೈಗಾರಿಕಾ ಅಪಘಾತವಲ್ಲ. ಟ್ರ್ಯಾಕ್ಟರು, ಎಂಜಿನ್ನು ಬಳಸುವ ಬೇಸಾಯದ ಕೆಲಸ ಪಟ್ಟಿಗೆ ಸೇರಿದ್ದು ಎಷ್ಟೋ ಕಾಲದ ಮೇಲೆ. ಮಾಲೀಕನ ಕಸುಬಿಗೆ ಸೇರದ ಬಿಡಿ ಕೆಲಸಕ್ಕೆ ಬಂದವನು ಕಾರ್ಮಿಕನೇ ಅಲ್ಲ ಅನ್ನುವ ಮಾತು ಕಾಯ್ದೆಯಿಂದ ಹೋಗಲು ೨೦೦೦ನೇ ಇಸವಿ ಬರಬೇಕಾಯಿತು. ಕಾಯ್ದೆಯಲ್ಲಿ ಜಾತಿಯ ಹೆಸರಿಲ್ಲ. ಆದರೆ ಯಾವ ಕೆಲಸ ಪಟ್ಟಿಯ ಹೊರಗಿದೆ ಅಂತ ನೋಡಿದರೆ ಸಾಕು, ಜಾತಿ ತಾನಾಗಿ ಕಾಣುತ್ತದೆ.

ಬಾಬಾಸಾಹೇಬರು ೧೯೪೨ರಿಂದ ೪೬ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಪ್ರೊಫೆಸರ್ ಅಡಾರ್ಕರ್ ಆರೋಗ್ಯ ವಿಮೆಯ ವರದಿ ಕೊಟ್ಟಿದ್ದು ಆ ಕಾಲದಲ್ಲೇ, ೧೯೪೪ರಲ್ಲಿ. ಅದರಿಂದ ೧೯೪೮ರ ಇಎಸ್ಐ ಕಾಯ್ದೆ ಹುಟ್ಟಿತು. ಪರಿಹಾರ ಒಬ್ಬ ಮಾಲೀಕನ ಜೇಬಿನಿಂದ ಕಿತ್ತುಕೊಳ್ಳುವ ಭಿಕ್ಷೆಯಾಗಬಾರದು, ವಿಮೆಯ ನಿಧಿಯಿಂದ ಹಕ್ಕಾಗಿ ಬರಬೇಕು, ಆಸ್ಪತ್ರೆಯೂ ಅದರಲ್ಲೇ ಇರಬೇಕು ಅನ್ನೋದು ಅದರ ತಿರುಳು. ದೊಡ್ಡ ಹೆಜ್ಜೆ. ಆದರೆ ಅದೂ ಕಾರ್ಖಾನೆಯ ಗೇಟಿನೊಳಗೆ ಹೆಸರಿದ್ದವರಿಗೆ.

ಗೇಟಿನ ಹೊರಗೆ ಮ್ಯಾನ್‌ಹೋಲ್ ಇದೆ. ತಲೆ ಮೇಲೆ ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ೧೯೭೦ರ ದಶಕದಲ್ಲೇ, ನಮ್ಮ ರಾಜ್ಯದಲ್ಲಿ ನಿಲ್ಲಿಸಿದರು. ದೇಶದ ಕಾಯ್ದೆ ೧೯೯೩ರಲ್ಲಿ ಬಂತು, ಇನ್ನೊಂದು ೨೦೧೩ರಲ್ಲಿ. ಸಾವು ನಿಲ್ಲಲಿಲ್ಲ. ೧೯೯೩ರಿಂದ ಈಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ ಹತ್ತು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು ೨೦೧೪ರಲ್ಲಿ ಹೇಳಿತು. ೨೦೨೩ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಕಾಯ್ದೆ ಬೇಡ ಅಂದ ಕೆಲಸಕ್ಕೆ, ಆ ಕೆಲಸದ ಸಾವಿಗೆ ಕೋರ್ಟು ಮತ್ತೆ ಮತ್ತೆ ದರ ಏರಿಸಬೇಕಾಗಿ ಬರುವ ದೇಶ ನಮ್ಮದು.

೫

ಪರಿಹಾರದ ಮಾತು ಬಂದಾಗಲೆಲ್ಲ ಮಾಲೀಕರು ಖರ್ಚಿನ ಮಾತಾಡುತ್ತಾರೆ. ಖರ್ಚು ಅಂದರೇನು? ಪೆಟ್ಟಾದ ಗಳಿಗೆಯಲ್ಲೇ ಖರ್ಚು ಹುಟ್ಟಿಬಿಟ್ಟಿರುತ್ತದೆ. ಅದನ್ನು ಯಾರು ಹೊರಬೇಕು ಅನ್ನೋದಷ್ಟೇ ಉಳಿದ ಪ್ರಶ್ನೆ. ನಮ್ಮ ಮನೆಯಲ್ಲಿ ಅದನ್ನು ಹೊತ್ತದ್ದು ದೊಡ್ಡಮ್ಮ. ಆಸ್ಪತ್ರೆಗೆ ಓಡಾಡಿ ಅವಳ ಕೂಲಿ ಹೋಯಿತು. ಬಡ್ಡಿ ಸಾಲ ಬಂತು. ಕೈಯ ಗಾಯ ಮಾಯುವುದರೊಳಗೆ ಅವರ ದೊಡ್ಡ ಮಗ ಸ್ಕೂಲು ಬಿಟ್ಟು ಅದೇ ಕ್ವಾರಿಗೆ ಹೋದ. ಇದು ಯಾವ ಅನುಸೂಚಿಯಲ್ಲಿದೆ? ೧೯೨೩ರ ಕಾಯ್ದೆಯಲ್ಲಿ, ಪೆಟ್ಟು ತಿಂದವನ ಆಸ್ಪತ್ರೆ ಖರ್ಚನ್ನು ಮಾಲೀಕ ಕೊಡಬೇಕು ಅಂತ ಸ್ಪಷ್ಟವಾಗಿ ಬರೆಯಲು ೨೦೦೯ರ ತಿದ್ದುಪಡಿ ಬರಬೇಕಾಯಿತು. ಎಂಬತ್ತಾರು ವರ್ಷ!

ಒಂದು ತೀರ್ಪನ್ನು ಮಾತ್ರ ನೆನೆಯಬೇಕು. ಒಡಿಶಾದ ಒಬ್ಬ ಬಡಗಿ ೧೯೬೮ರಲ್ಲಿ ಸಿನಿಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ. ಪಟ್ಟಿಯ ಪ್ರಕಾರ ಕೊಟ್ಟರೆ ಸಾಕು ಅಂತ ಮಾಲೀಕನ ವಾದ. ಒಂದೇ ಕೈಯಲ್ಲಿ ಬಡಗಿತನ ಮಾಡೋಕಾಗುತ್ತದೆಯೇ? ಅವನ ನಷ್ಟ ನೂರಕ್ಕೆ ನೂರು ಅಂದದ್ದನ್ನು ಸುಪ್ರೀಂ ಕೋರ್ಟು ೧೯೭೫ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಪರಿಹಾರ ಕೊಡುವ ಹೊಣೆ ಪೆಟ್ಟಾದ ದಿನದಿಂದಲೇ ಶುರು ಅಂತಲೂ ಹೇಳಿತು. ಪರಿಹಾರ ೯,೮೦೦ ರೂಪಾಯಿ, ಅದರ ಮೇಲೆ ದಂಡ, ಬಡ್ಡಿ. ಕಾದದ್ದು ಏಳು ವರ್ಷ. ಆದರೂ ಆ ತೀರ್ಪು ಪಟ್ಟಿಯ ಅಂಕಿಯನ್ನು ದಾಟಿ ಮನುಷ್ಯನನ್ನು ನೋಡಿತು.

ಈಗ ಆ ೧೯೨೩ರ ಕಾಯ್ದೆಯೂ ಹೋಗಿ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ೨೦೨೫ರ ನವೆಂಬರಿನಿಂದ ಜಾರಿಯಲ್ಲಿದೆ. ಹಕ್ಕು ಬಿಟ್ಟುಕೊಟ್ಟ ಕರಾರಿಗೆ ಅದರಲ್ಲೂ ಬೆಲೆಯಿಲ್ಲ. ಕಾಯ್ದೆಯ ಹೆಸರು ಬದಲಾಗಬಹುದು. ನಮ್ಮ ಕೇರಿಯವರ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೇ ಇಲ್ಲವೇ ಅನ್ನುವ ಪ್ರಶ್ನೆ ಬದಲಾಗಿಲ್ಲ.

ದೊಡ್ಡಪ್ಪ ಈಗಿಲ್ಲ. ಅವನ ಹೆಬ್ಬೆರಳು ಹೋದ ಕಾಲಕ್ಕೆ ಅದಕ್ಕೆ ಕಾಯ್ದೆಯ ಪಟ್ಟಿಯಲ್ಲಿ ನೂರಕ್ಕೆ ೩೦ ಅಂತ ಇತ್ತು. ಅವನಿಗೆ ಸಿಕ್ಕಿದ್ದು ಐನೂರು ರೂಪಾಯಿ ಮತ್ತು ಬಲಗೈಗೆ ಒಂದಿಷ್ಟು ಮಸಿ. ಗೆಳೆಯರೇ, ನಿಮ್ಮ ಬೀದಿಗೂ ಒಬ್ಬ ಮೇಸ್ತ್ರಿ ಕಾಗದ ಹಿಡಿದು ಬರುತ್ತಾನೆ. ಅವತ್ತು ಅಲ್ಲಿ ಓದು ಬಲ್ಲ ಹುಡುಗನೋ ಹುಡುಗಿಯೋ ಇದ್ದರೆ, ಯಾರೂ ಕೇಳದಿದ್ದರೂ ಮುಂದೆ ಬಂದು ಆ ಕಾಗದವನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಲಿ. ನಾನು ಅವತ್ತು ಓದಲಿಲ್ಲ.